ಕಂಬಳಿ ಹೊದ್ದ ಹುಳದ ಮನೆ

ನಮ್ಮ ಹುಳದ ಮನೆಯೊಳಗೆ ನಿಂತು ಒಂದು ಚಪ್ಪಾಳೆ ತಟ್ಟಿದರೆ ನಾಲ್ಕು ಕೇಳುತ್ತಿದ್ದವು. ಮೊದಲನೆಯದು ನನ್ನದು, ಉಳಿದ ಮೂರು ಗೋಡೆಗಳದು. ರೇಷ್ಮೆ ಹುಳ ಸಾಕಲೆಂದು ಅಪ್ಪ ಹೊಲದ ಪಕ್ಕದಲ್ಲಿ ಕಟ್ಟಿಸಿದ್ದ ಕೋಣೆ ಅದು. ಸಿಮೆಂಟು ಗೋಡೆ, ಸಿಮೆಂಟು ನೆಲ, ಮೇಲೆ ಸಿಮೆಂಟು ಶೀಟು. ಹುಳಗಳು ಬಾಯಿಬಡುಕರಲ್ಲ, ಹಾಗಾಗಿ ಅಲ್ಲಿ ಸದ್ದು ಹೇಗೆ ಕುಣಿಯುತ್ತದೆ ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಹುಳ ಸಾಕುವುದು ನಿಂತ ಮೇಲೆ ಕೋಣೆ ಬೀಗ ಹಾಕಿಕೊಂಡು ಕೂತಿತ್ತು. ಅದನ್ನು ರೆಕಾರ್ಡಿಂಗ್ ಸ್ಟುಡಿಯೋ ಮಾಡುತ್ತೇನೆ ಎಂದು ನಾನು ಹೊರಟೆ.

ನಾನು ಆಗ ತಮಿಳುನಾಡಿನ ಗಡಿಯ ನಮ್ಮ ತಾಳವಾಡಿ ಸುತ್ತಿನ ಮದುವೆ, ಹಬ್ಬಗಳಿಗೆಲ್ಲ ಮೈಕ್ ಸೆಟ್ ಹಾಕುತ್ತಿದ್ದೆ. ಕ್ಯಾಸೆಟ್ಟು ಪೂರ್ತಿ ಹೋಗಿರಲಿಲ್ಲ, ಸಿ.ಡಿ. ಬಂದಿತ್ತು. ಮೈಸೂರಿನಿಂದ ಹಳೆಯದೊಂದು ಕಂಪ್ಯೂಟರನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದೆ. ಪಕ್ಕದಲ್ಲಿ ಕೂತವರು 'ಹುಷಾರಿಲ್ಲವಾ ಅದಕ್ಕೆ?' ಎಂದು ಕೇಳುವಷ್ಟು ಜೋಪಾನವಾಗಿ.

ಇದಕ್ಕೆಲ್ಲ ಕಾರಣ ನನ್ನ ಸೋದರತ್ತೆ. ನಮ್ಮ ಕಡೆ ಚಪ್ಪರ ಹಾಕಿದರೆ ಸೋಬಾನೆ ಪದ ಹೇಳಲು ಆಕೆಯೇ ಬರಬೇಕು. ಆ ವರ್ಷ ಅವಳ ಕತ್ತಿನಲ್ಲಿ ನಿಂಬೆಹಣ್ಣಿನಷ್ಟು ಒಂದು ಗಡ್ಡೆ ಎದ್ದಿತು. ಘಾಟಿ ಇಳಿದು ಆಸ್ಪತ್ರೆಗೆ ಕರೆದೊಯ್ದೆವು. ಆಪರೇಷನ್ ಆಗಲೇಬೇಕು, ಆದರೆ ಆಮೇಲೆ ದನಿ ಹೀಗೇ ಇರುತ್ತದೆಂದು ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಅತ್ತೆಯ ಮೊಮ್ಮಗಳ ಮದುವೆ ಗೊತ್ತಾಗಿದ್ದದ್ದು ಆಪರೇಷನ್ನಿನ ಎರಡು ತಿಂಗಳ ನಂತರಕ್ಕೆ. ಎತ್ತಿ ಆಡಿಸಿದ ಹುಡುಗಿಯ ಚಪ್ಪರದಲ್ಲಿ ಅಜ್ಜಿಗೆ ದನಿ ಇರುತ್ತದೋ ಇಲ್ಲವೋ!

ವಾಪಸ್ ಬರುವಾಗ ಅತ್ತೆ, ಘಾಟಿಯ ತಿರುವುಗಳು ಮುಗಿದು ಊರು ಹತ್ತಿರವಾದ ಮೇಲೆ ನನ್ನ ತೊಡೆಗೆ ಗುದ್ದಿ ಅಂದಳು: "ನನ್ ದನಿ ಓದ್ರೂ ಓಗ್ಲಿ ಕಣ್ಲಾ. ಆದ್ರೆ ನನ್ ಮೊಮ್ಮಗಳ ಚಪ್ರದಲ್ಲಿ ಆ ಮೇಗ್ಲಕೇರಿಯೋಳು ಬಾಯ್ ಬುಡಕೂಡ್ದು. ನನ್ ದನೀನೇ ಕೇಳ್ಬೇಕು. ಆ ನಿನ್ ಡಬ್ಬದೊಳಕೆ ತುಂಬ್ಕೊ, ಅದೇನ್ ಮಾಡೀಯೊ ಮಾಡು."

ಮೇಲಿನ ಕೇರಿಯವಳು ಎಂದರೆ ಕುರಿ ಸಾಕುವ ಮನೆಯ ದೊಡ್ಡವ್ವ. ಒಂದು ಕಾಲದಲ್ಲಿ ಅತ್ತೆಯ ಜೊತೆಗಾತಿ. ಸೋಬಾನೆ ಒಬ್ಬಳೇ ಹೇಳುವ ಪದವಲ್ಲ. ಒಬ್ಬಳು ಒಂದು ಸೊಲ್ಲು ಎತ್ತುತ್ತಾಳೆ, ಇನ್ನೊಬ್ಬಳು ಅದೇ ಸೊಲ್ಲನ್ನು ಹಿಂದಿನಿಂದ ಹೇಳುತ್ತಾಳೆ. ಎತ್ತಿದ್ದು ಏನೇ ಆಗಿರಲಿ, ಹಿಂದೆ ಹೇಳುವವಳು ಅದನ್ನು ಬದಲಾಯಿಸುವಂತಿಲ್ಲ, ಬಿಡುವಂತೂ ಇಲ್ಲ. ಬೀಗರನ್ನು ಪದದಲ್ಲೇ ರೇಗಿಸುವುದೂ ವಾಡಿಕೆ. ಏಳು ವರ್ಷದ ಹಿಂದೆ ಒಂದು ಮದುವೆಯಲ್ಲಿ ದೊಡ್ಡವ್ವನಿಗೆ ಏನು ಹುಕಿ ಬಂತೋ, ಬೀಗರನ್ನು ಬಿಟ್ಟು ಜೊತೆಗಾತಿಯನ್ನೇ ಹಿಡಿದುಕೊಂಡಳು.

"ಮೂಗು ಬಂತಮ್ಮ ಮುಂದೆ, ಅಕ್ಕಯ್ಯ ಬಂದ್ಳು ಇಂದೆ, ಸೋಬಾನೆ!"

ಚಪ್ಪರವೆಲ್ಲ ಬಿದ್ದು ಬಿದ್ದು ನಕ್ಕಿತು. ಅತ್ತೆಯ ಮೂಗು ಸ್ವಲ್ಪ ಧಾರಾಳವೇ, ಸುಳ್ಳು ಹೇಳಬಾರದು. ಆ ಸೊಲ್ಲನ್ನು ಅತ್ತೆ ಹಿಂದೆ ಹೇಳಬೇಕಿತ್ತು. ಹೇಳಲಿಲ್ಲ. ಸೆರಗು ಕೊಡವಿ ಎದ್ದು ಮನೆಗೆ ಬಂದಳು. ಅಂದಿನಿಂದ 'ಅವಳು ನನ್ ಮೂಗ ಆಡ್ಕೊಂಡ್ಳು' ಎಂದು ಇವಳು, 'ಅವಳು ನನ್ ಸೊಲ್ಲ ಬುಟ್ಟೋದ್ಳು' ಎಂದು ಅವಳು. ಏಳು ವರ್ಷ ಮಾತಿಲ್ಲ, ಒಂದೇ ಬೋರಿನ ನೀರು ಕುಡಿದುಕೊಂಡು!

ಸರಿ, ಮೊದಲ ಪರೀಕ್ಷೆಗೆಂದು ಅತ್ತೆಯನ್ನು ಹುಳದ ಮನೆಯಲ್ಲಿ ಕೂರಿಸಿ ಎರಡು ಸಾಲು ಹೇಳಿಸಿ ಕೇಳಿದೆ. ಹಂಡೆಯೊಳಗೆ ತಲೆ ಹಾಕಿ ಕೂಗಿದ ಹಾಗಿತ್ತು. ಅತ್ತೆಯೂ ಕೇಳಿದಳು. "ಇದ್ಯಾರ್ಲಾ, ಬಾವಿಗ್ ಬಿದ್ದವ್ಳೆ?" ಎಂದಳು.

ಸದ್ದು ಗೋಡೆಗೆ ಹೊಡೆದು ವಾಪಸ್ ಬರದ ಹಾಗೆ ಗೋಡೆಗೆ ಮೆತ್ತಗಿನದ್ದೇನಾದರೂ ಹಾಕಬೇಕು ಎಂಬುದು ನನಗೆ ಗೊತ್ತಿತ್ತು. ಪಟ್ಟಣದ ಸ್ಟುಡಿಯೋ ಒಂದರಲ್ಲಿ ಗೋಡೆ ತುಂಬ ಮೊಟ್ಟೆ ಟ್ರೇ ಅಂಟಿಸಿದ್ದನ್ನು ಕಣ್ಣಾರೆ ಕಂಡಿದ್ದೆ. ನಮ್ಮಲ್ಲಿ ಮೊಟ್ಟೆ ಟ್ರೇಗೇನು ಬರ! ಶಾಲೆಯ ಸತ್ತುಣವು, ಅಂದರೆ ಬಿಸಿಯೂಟದ, ಅಡುಗೆಮನೆಗೆ ಮಕ್ಕಳ ಮೊಟ್ಟೆ ಬರುವುದು ಅದರಲ್ಲೇ. ಅಲ್ಲಿನ ಆಯಮ್ಮನ ಹಿಂದೆ ಬಿದ್ದು ಒಂದು ತಿಂಗಳು ಕೂಡಿಸಿದೆ. ಸೈಕಲ್ಲಿನ ಹಿಂದೆ ಗೋಪುರದಂತೆ ಕಟ್ಟಿಕೊಂಡು ದಿನಾ ಬರುತ್ತಿದ್ದರೆ ಊರಿಗೆ ಬೇರೇನು ಅನ್ನಿಸುತ್ತದೆ? "ಕೋಳಿ ಫಾರಂ ಆಕ್ತಿಯಂತೆ? ನಂಗೊಂದತ್ತು ನಾಟಿ ಮರಿ ಇಟ್ಟಿರು" ಎಂದು ನಾಲ್ಕು ಜನ ಹೇಳಿಟ್ಟರು. ಸ್ಟುಡಿಯೋ ಎಂದು ಬಿಡಿಸಿ ಹೇಳಿದರೆ "ಆಗ್ಲಿ, ಮೊದ್ಲು ಮರಿ ಬರ್ಲಿ" ಎಂದರು.

ಮೈದಾ ಅಂಟು ಕಾಯಿಸಿ ಮೂರು ಗೋಡೆಗೆ ಟ್ರೇ ಹೊಡೆದೆ. ನೋಡಲು ಭರ್ಜರಿಯಾಗಿತ್ತು. ಚಪ್ಪಾಳೆ ತಟ್ಟಿದೆ. ನಾಲ್ಕು ಮೂರೂವರೆಗೆ ಇಳಿದಿತ್ತು. ಇಷ್ಟೇನಾ! ಟ್ರೇಗಳ ಗುಳಿಯಲ್ಲಿ ಒಡೆದ ಮೊಟ್ಟೆಯ ಲೋಳೆ ಒಣಗಿತ್ತಲ್ಲ, ವಾರದೊಳಗೆ ಇರುವೆ ಬಂದವು. ಇರುವೆಗೆ ಹಲ್ಲಿಗಳು ಬಂದವು. ಎರಡನೆಯ ಪರೀಕ್ಷೆಯಲ್ಲಿ ಅತ್ತೆಯ ಪದ ಹಿಂದಿನಂತೆಯೇ ಗುಂಯ್ ಎಂದರೂ, ಹಲ್ಲಿ ಲೊಚಗುಟ್ಟಿದ್ದು ಮಾತ್ರ ಬಲು ಸ್ಪಷ್ಟವಾಗಿ ಕೇಳಿಸಿತು. ಅತ್ತೆಗೆ ಅದು ಖುಷಿ. "ಅಲ್ಲಿ ಲೊಚಗುಟ್ತು, ಕೆಲ್ಸ ಆಯ್ತದೆ ಬುಡು" ಎಂದಳು. ನನಗೆ ಮೈಯೆಲ್ಲ ಉರಿಯಿತು. ಟ್ರೇಗಳನ್ನೆಲ್ಲ ಕಿತ್ತು ನೀರೊಲೆಗೆ ಹಾಕಿದೆ.

ಆಮೇಲೆ ಹುಲ್ಲು. ದಪ್ಪ ಸದ್ದು ಕೋಣೆಯ ಮೂಲೆಗಳಲ್ಲಿ ಕೂಡಿಕೊಳ್ಳುತ್ತದೆ, ಮೂಲೆಗೆ ದಪ್ಪನೆಯದ್ದನ್ನೇ ತುಂಬಬೇಕು ಎಂದು ಯಾರೋ ಹೇಳಿದ್ದರು. ಬಿದಿರಿನ ಚೌಕಟ್ಟು ಕಟ್ಟಿ, ಒಳಗೆ ರಾಗಿ ಹುಲ್ಲು ತುರುಕಿ, ಮೇಲೆ ಗೋಣಿಚೀಲ ಹೊಲಿದು ಆಳೆತ್ತರದ ದಿಂಬನ್ನು ಮೂಲೆಗೊಂದರಂತೆ ನಿಲ್ಲಿಸಿದೆ. ಚಪ್ಪಾಳೆ ಎರಡೂವರೆಗೆ ಬಂತು. ಹಿಗ್ಗಿ ಹೀರೇಕಾಯಿಯಾದೆ. ಹಿಗ್ಗಿನಲ್ಲಿ ಬಾಗಿಲು ಹಾಕುವುದನ್ನು ಮರೆತು ಊಟಕ್ಕೆ ಹೋದೆ. ಬಂದು ನೋಡಿದರೆ ನಮ್ಮ ಕೆಂದ ಹಸು ಸ್ಟುಡಿಯೋದೊಳಗೆ ನಿಂತು, ಎರಡು ಮೂಲೆ ಮುಗಿಸಿ, ಮೂರನೆಯದಕ್ಕೆ ಬಾಯಿ ಹಾಕಿದೆ. ಗೋಣಿಚೀಲವನ್ನು ಎಷ್ಟು ನಾಜೂಕಾಗಿ ಸೀಳಿತ್ತು ಎಂದರೆ ನಾನು ಹೊಲಿದದ್ದಕ್ಕಿಂತ ಅದರ ಕೆಲಸವೇ ಅಚ್ಚುಕಟ್ಟು. ಹೋಗುವ ಮುಂಚೆ ನೆಲದ ಮೇಲೆ ಸಗಣಿಯನ್ನೂ ಇಟ್ಟಿತು.

ನಾನು ಬೈದಾಡುತ್ತಿದ್ದದ್ದು ಕೇಳಿ ಅತ್ತೆ ಬಂದಳು. "ಗೋಡೆಯ ಉಲ್ಲಲ್ಲಿ ಮಾಡುದ್ರೆ ಅಸ ಅದ ತಿನ್ದೆ ನಿನ್ನ ತಿಂದದಾ? ಸಗಣಿ ಚೆಲ್ಬೇಡ. ಗುಮಟಾಪುರದೋರ ಕರ್ಸು, ಗೊರೆ ಅಬ್ಬದಲ್ಲಿ ಸಗಣಿ ಎರ್ಚಾಡ್ದಂಗೆ ಗೋಡೆಗೆಲ್ಲ ಎಸ್ದು ಓಯ್ತರೆ. ಮೆತ್ತಗಿರ್ಬೇಕು ಅಂತಿದ್ಯಲ್ಲ?"

ನಗು ಬಂತು, ಆದರೆ ಆಸ್ಪತ್ರೆಗೆ ಹೋಗಲು ಉಳಿದದ್ದು ಒಂಬತ್ತು ದಿನ. ಮಾತಿನ ನಡುವೆ ಅತ್ತೆ ಕತ್ತು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಅವಳ ದನಿಯನ್ನು ನಾನು ಹಿಡಿದಿಡದಿದ್ದರೆ ಅದು ಎಲ್ಲೂ ಇರುವುದಿಲ್ಲ ಎಂದು ಯೋಚಿಸಿದರೆ ಅನ್ನ ಇಳಿಯುತ್ತಿರಲಿಲ್ಲ.

ಅಟ್ಟದ ಮೇಲೆ ಹುಳದ ಕಾಲದ ಚಂದ್ರಿಕೆಗಳಿದ್ದವು. ಹಣ್ಣಾದ ಹುಳ ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟಿ ಅದು. ಚಾಪೆಯ ಮೇಲೆ ಬಿದಿರಿನ ಪಟ್ಟಿ ಸುರುಳಿ ಸುರುಳಿಯಾಗಿ ನಿಂತಿರುತ್ತದೆ. ಒಂದನ್ನು ಗೋಡೆಗೆ ಒರಗಿಸಿ ಅದರ ಮುಂದೆ ಮಾತಾಡಿದೆ. ಸದ್ದು ಗೋಡೆಗೆ ನೇರವಾಗಿ ಹೊಡೆಯದೆ ಆ ಸುರುಳಿಯಲ್ಲಿ ಸಿಕ್ಕಿ ಚೆದುರಿ ಹೋಗುತ್ತಿತ್ತು! ಆರನ್ನು ಹಿಂದಿನ ಗೋಡೆಗೆ ನೇತುಹಾಕಿದೆ. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ಇವತ್ತಿಗೂ ಹೇಳಿಕೊಂಡು ತಿರುಗುತ್ತೇನೆ. ಚಪ್ಪಾಳೆ ಎರಡಕ್ಕೆ ಇಳಿಯಿತು. ಇನ್ನೊಂದೇ ಚಪ್ಪಾಳೆ ಕೊಲ್ಲಬೇಕಿತ್ತು.

ಅದಕ್ಕೆ ಕಂಬಳಿಯೇ ಆಗಬೇಕು, ಕುರಿ ಉಣ್ಣೆಯ ದಪ್ಪ ಕರಿ ಕಂಬಳಿ. ಅಂಥ ಕಂಬಳಿ ರಾಶಿ ಇದ್ದದ್ದು ಒಂದೇ ಮನೆಯಲ್ಲಿ. ಅತ್ತೆ ಸಂತೆಗೆ ಹೋದ ದಿನ ನೋಡಿಕೊಂಡು ಕಳ್ಳನ ಹಾಗೆ ಮೇಲಿನ ಕೇರಿಗೆ ಹೋದೆ. ದೊಡ್ಡವ್ವ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

"ಅನ್ನೊಂದು ಕಂಬ್ಳಿಯಾ? ನಿಮ್ಮನೇಲಿ ಯಾರ್ಗ್ಲಾ ಅಷ್ಟೊಂದ್ ಚಳಿ?"

ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ಕಂಪ್ಯೂಟರ್‌ಗೆ ದೊಡ್ಡವ್ವ. ಬೆಟ್ಟದ ಚಳಿ ಅದಕ್ಕಾಗಕಿಲ್ಲ."

ಅವಳು ಕಾಯಿ ಪಕ್ಕಕ್ಕಿಟ್ಟು ಒಳಗೆ ಹೋಗಿ, ಹಳೆಯವನ್ನು ಬಿಟ್ಟು ಗಟ್ಟಿಯಾದವನ್ನೇ ಆರಿಸಿ ಹನ್ನೊಂದು ತಂದು ನನ್ನ ಹೆಗಲಿಗೆ ಹೇರಿದಳು. ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಕೇಳಿದಳು: "ಯಾವತ್ ಓಯ್ತದೆ ಆಸ್ಪತ್ರೆಗೆ, ನಿನ್ ಕಂಪೂಟ್ರು?"

"ಮುಂದಿನ ಮಂಗಳವಾರ" ಎಂದೆ. ಹೇಳಿ ನಾಲಿಗೆ ಕಚ್ಚಿಕೊಂಡೆ.

"ಉಂ. ಗಂಟ್ಲು ಬೆಚ್ಚಗಿಟ್ಕೊಳಕೆ ಯೋಳು" ಎಂದು ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

ಕಂಬಳಿಗಳನ್ನು ಗೋಡೆಗೆ ಅಂಟಿಸಲಿಲ್ಲ, ಗೋಡೆಯಿಂದ ಒಂದು ಗೇಣು ಬಿಟ್ಟು ಹಗ್ಗಕ್ಕೆ ಇಳಿಬಿಟ್ಟೆ. ಆ ಗೇಣಿನ ಸಂದಿನಲ್ಲೇ ಸದ್ದು ಸಾಯುವುದು ಎಂದು ಪರೀಕ್ಷೆ ಮಾಡಿ ತಿಳಿದುಕೊಂಡೆ. ಮೇಲಿನ ಶೀಟಿಗೂ ಮೂರು ಕಟ್ಟಿದೆ. ಕೋಣೆಯ ನಡುವೆ ನಿಂತು ಚಪ್ಪಾಳೆ ತಟ್ಟಿದೆ. ಟಪ್. ಒಂದೇ! ಕುಣಿದಾಡುವಷ್ಟು ಖುಷಿಯಾಯಿತು. ಕುಣಿದೆ ಕೂಡ. ಕುಣಿದ ಸದ್ದೂ ಒಂದೊಂದೇ ಸಲ ಕೇಳಿಸಿತು.

ಮಾರನೆಯ ದಿನ ಮಧ್ಯಾಹ್ನದ ಬಸ್ಸು ಹೋಗಿ, ಕೋಳಿಗಳು ನೆರಳು ಸೇರಿ, ನವಿಲುಗಳೂ ಬಾಯಿ ಮುಚ್ಚಿದ ಹೊತ್ತಿನಲ್ಲಿ ಅತ್ತೆಯನ್ನು ಕರೆತಂದೆ. ಒಳಗೆ ಬಂದು ಬಾಗಿಲು ಹಾಕಿದ್ದೇ ತಡ, ಎರಡು ಕಿವಿಗೂ ಬೆರಳು ಹಾಕಿ ಅಲ್ಲಾಡಿಸಿಕೊಂಡಳು. "ಕಿವಿ ಮುಚ್ಚೋದೊ ಕಣ್ಲಾ! ನನ್ ದನಿ ನಂಗೇ ವಾಪಸ್ ಬತ್ತಿಲ್ಲ."

"ಅದೇ ಬೇಕಾದ್ದು ಅತ್ತೆ!" ಎಂದು ನಾನು ಹಲ್ಲು ಕಿರಿಯುತ್ತಿದ್ದೆ. ಅಷ್ಟರಲ್ಲಿ ಅವಳು ಎದುರಿನ ಕಂಬಳಿಯ ಅಂಚನ್ನು ಹಿಡಿದು ನೋಡಿದಳು. ಅಂಚಿನಲ್ಲಿ ಗುರುತಿಗೆಂದು ಹಾಕಿದ ಕೆಂಪು ದಾರ.

"ಇದು ಅವಳ್ ಕಂಬ್ಳಿ. ತಗಿಲಾ ಇದ! ಅವಳ್ ಮನೆ ಕಂಬ್ಳಿ ಮುಂದ್ಗಡೆ ನಾ ಪದ ಯೋಳಕಿಲ್ಲ."

"ತಗುದ್ರೆ ಮತ್ತೆ ಬಾವಿಗ್ ಬಿದ್ದಂಗೆ ಕೇಳ್ತದೆ. ಆಮೇಲೆ ನಿನ್ನಿಷ್ಟ."

ಅತ್ತೆ ಸೊಂಟಕ್ಕೆ ಕೈ ಕೊಟ್ಟು ನಿಂತಳು. ಕಂಬಳಿಯನ್ನು ಮೇಲಿಂದ ಕೆಳಗೆ ದುರುಗುಟ್ಟಿ ನೋಡಿದಳು. ಆಮೇಲೆ ಸ್ಟೂಲನ್ನು ಎಳೆದು ಆ ಕೆಂಪು ದಾರಕ್ಕೇ ಮುಖ ಮಾಡಿ ಕೂತಳು. "ಆಕು ನಿನ್ ಮಿಷನ್ನ" ಎಂದಳು.

ಎಂಥ ದನಿ! ನಾನು ನೂರು ಚಪ್ಪರದಲ್ಲಿ ಕೇಳಿದ್ದೆ, ಆದರೆ ತಟ್ಟೆ ಲೋಟದ ಗದ್ದಲವಿಲ್ಲದೆ ಅದೊಂದನ್ನೇ ಕೇಳಿದ್ದು ಅದೇ ಮೊದಲು. ಒಂದು ಸೊಲ್ಲು ಹೇಳಿ ಅತ್ತೆ ಸುಮ್ಮನಾದಳು. ಮರೆತಳೇನೋ ಎಂದುಕೊಂಡೆ. ಮತ್ತೊಂದು ಸೊಲ್ಲು, ಮತ್ತೆ ಸುಮ್ಮನೆ. ನಾಲ್ಕನೆಯದರ ಹೊತ್ತಿಗೆ ಗೊತ್ತಾಯಿತು, ಸುಮ್ಮನಿರುವಾಗ ಅವಳ ತಲೆ ತಾಳಕ್ಕೆ ತೂಗುತ್ತಿತ್ತು. ಸರಿಯಾಗಿ ಒಂದು ಸೊಲ್ಲಿನಷ್ಟು ಹೊತ್ತು.

ನಿಲ್ಲಿಸಿ ಕೇಳಿದೆ: "ಯಾಕತ್ತೆ ನಡುನಡುವೆ ಬುಟ್ಬುಡ್ತೀಯ?"

"ನಾನೆಲ್ಲಿ ಬುಟ್ಟೆ?" ಎಂದಳು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಹಿಂದಿನ ಸೊಲ್ಲನ್ನೂ ನೀನೇ ಹೇಳು ಎಂದೆ. "ನಾನೇ ಎತ್ತಿ ನಾನೇ ಯೋಳಕೆ ನಂಗೇನ್ ಉಚ್ಚಾ?" ಎಂದಳು. ನಾನೇ ಹೇಳಿ ನೋಡಿದೆ. ನಕ್ಕು ನಕ್ಕು ಕೆಮ್ಮು ಬಂದು ಕತ್ತು ಹಿಡಿದುಕೊಂಡಳು. ಕಡೆಗೆ, ಖಾಲಿ ಇರುವಲ್ಲೆಲ್ಲ ಕಂಪ್ಯೂಟರಿನಲ್ಲಿ ಕತ್ತರಿಸಿ ಸೇರಿಸಿಬಿಡುತ್ತೇನೆ ಎಂದೆ. ಅತ್ತೆಯ ನಗು ನಿಂತಿತು.

"ಅದ ಮುಟ್ಟುದ್ರೆ ನಿನ್ ಕೈ ಮುರ್ದಾಕ್ತೀನಿ" ಎಂದಳು.

ಕೊನೆಯ ಸೊಲ್ಲಿಗೆ ಬಂದಾಗ ಅವಳ ಕಣ್ಣಲ್ಲಿ ಒಂದು ತುಂಟತನ ಕಂಡಿತು. ಕೆಂಪು ದಾರವನ್ನೇ ನೋಡುತ್ತ ಗಂಟಲು ಬಿಟ್ಟು ಎತ್ತಿದಳು:

"ಗೊರ್ಕೆ ಒಡುದ್ರೆ ಈ ಅಕ್ಕ, ಕುರಿಮಂದೆ ಬೆಟ್ಟ ಅತ್ತಿತೊ, ಸೋಬಾನೆ!"

ಆಮೇಲೆ ಒಂದು ಸೊಲ್ಲಿನಷ್ಟು ಹೊತ್ತು ಕಂಬಳಿಯ ಎದುರು ತಲೆ ತೂಗಿ, "ಮುಗೀತು" ಎಂದು ಎದ್ದಳು.

ಆಪರೇಷನ್ ಸಲೀಸಾಗಿ ಆಯಿತು, ಗಡ್ಡೆ ಕೆಟ್ಟದ್ದಲ್ಲ ಎಂದರು. ಆದರೆ ಡಾಕ್ಟರು ಹೆದರಿದಂತೆಯೇ ದನಿ ಹೋಯಿತು. ಪೂರ್ತಿ ಹೋಗಲಿಲ್ಲ, ಒಣಗಿದ ತೆಂಗಿನ ಗರಿಯನ್ನು ನೆಲದ ಮೇಲೆ ಎಳೆದ ಹಾಗೆ ಕರಕರ ಎನ್ನುತ್ತಿತ್ತು. ಅತ್ತೆ ಜನರೆದುರು ಮಾತೇ ಕಡಿಮೆ ಮಾಡಿದಳು. ಅಂಥ ಬಾಯಿ ಸುಮ್ಮನಿರುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಮದುವೆಯ ಚಪ್ಪರಕ್ಕೆ ಮೈಕ್ ಸೆಟ್ ನನ್ನದೇ. ಬೆಳಗಿನ ಹತ್ತು ಗಂಟೆಗೆ ಮೊಮ್ಮಗಳನ್ನು ಹಸೆಗೆ ಕೂರಿಸಿದರು. ಅತ್ತೆ ಪಕ್ಕದಲ್ಲಿ ಹೊಸ ಸೀರೆಯುಟ್ಟು, ಕತ್ತಿನ ಹೊಲಿಗೆಯ ಗುರುತು ಕಾಣದಂತೆ ಸೆರಗು ಸುತ್ತಿ ಕೂತು, ನನಗೆ ಕೈಸನ್ನೆ ಮಾಡಿದಳು. ಸಿ.ಡಿ. ಹಾಕಿದೆ. ಚಪ್ಪರದ ತುಂಬ ಅತ್ತೆಯ ಹಳೆಯ ದನಿ! ಜನ ಮಾತು ನಿಲ್ಲಿಸಿ, ಬಾಯಿ ಮುಚ್ಚಿ ಕೂತ ಅತ್ತೆಯನ್ನೂ ಮೈಕನ್ನೂ ತಿರುಗಿ ತಿರುಗಿ ನೋಡಿದರು. ಸೊಲ್ಲು ಮುಗಿಯಿತು. ಆಮೇಲೆ ಮೌನ.

ಆ ಮೌನ ನನ್ನ ಕೈಕೆಲಸ. ಹನ್ನೊಂದು ಕಂಬಳಿ, ಆರು ಚಂದ್ರಿಕೆ ಹಾಕಿ ಮಾಡಿದ್ದು. ಅದರೊಳಗೆ ಒಂದು ಇರುವೆ ನಡೆದ ಸದ್ದೂ ಇರಲಿಲ್ಲ. ಜನರಿಗೆ ಅದೆಲ್ಲಿ ಗೊತ್ತು? "ಮೈಕ್ ಕೆಟ್ಟೋಯ್ತು, ವೈರ್ ನೋಡ್ಲಾ!" ಎಂದು ಒಬ್ಬ ಕೂಗಿದ. ಇನ್ನೊಬ್ಬ ಎದ್ದು ಬಂದು ಆಂಪ್ಲಿಫೈಯರಿಗೆ ಎರಡು ಬಡಿದ. ಅದೇ ಹೊತ್ತಿಗೆ ಎರಡನೆಯ ಸೊಲ್ಲು ಬಂದದ್ದರಿಂದ, ತಾನೇ ರಿಪೇರಿ ಮಾಡಿದೆ ಎಂದು ಬೀಗಿದ. ಮತ್ತೆ ಮೌನ. ಜನ ನಗಲು ಶುರು ಮಾಡಿದರು. ಅತ್ತೆ ತಲೆ ಕೆಳಗೆ ಹಾಕಿದಳು. ಕೈ ಮುರಿದು ಹಾಕುತ್ತೇನೆ ಎಂಬ ಅವಳ ಮಾತಿಗೆ ಹೆದರದೆ ಕತ್ತರಿಸಿಬಿಡಬೇಕಿತ್ತು ಎಂದು ನನ್ನನ್ನು ನಾನೇ ಶಪಿಸಿಕೊಂಡೆ.

ಮೂರನೆಯ ಸೊಲ್ಲು ಮುಗಿದು ಮೌನ ಬಂತು. ಆ ಮೌನದೊಳಗಿಂದ, ಚಪ್ಪರದ ಆ ತುದಿಯಿಂದ, ಅದೇ ಸೊಲ್ಲು ಎದ್ದಿತು. ದೊಡ್ಡವ್ವ! ಮಡಿಲ ತುಂಬ ವೀಳ್ಯದೆಲೆ ಹಾಕಿಕೊಂಡು ಜೋಡಿಸುತ್ತಿದ್ದವಳು, ತಲೆ ಎತ್ತದೆ, ಎಲೆ ಒರೆಸುತ್ತಲೇ ಹೇಳುತ್ತಿದ್ದಳು. ಮೌನ ಎಷ್ಟು ಉದ್ದವಿತ್ತೋ ಅವಳ ಸೊಲ್ಲೂ ಅಷ್ಟೇ ಉದ್ದ. ಅವಳು ಮುಗಿಸಿದಲ್ಲಿಗೆ ಸಿ.ಡಿ.ಯ ಅತ್ತೆ ಎತ್ತಿದಳು, ಅತ್ತೆ ಬಿಟ್ಟಲ್ಲಿಗೆ ಅವಳು. ನಗುತ್ತಿದ್ದವರು ಸುಮ್ಮನಾದರು. ನನಗೆ ಅಳು ಬಂತು, ಅತ್ತೆ ತೂಗಿ ತೂಗಿ ಜಾಗ ಬಿಟ್ಟದ್ದು ಯಾರಿಗೆ ಎಂದು ಆಗ ಹೊಳೆಯಿತು.

ಆಮೇಲೆ ಕೊನೆಯ ಸೊಲ್ಲು ನೆನಪಾಯಿತು. ಗೊರಕೆ! ಅಯ್ಯೋ ನನ್ನ ಕರ್ಮವೇ ಎಂದು ವಾಲ್ಯೂಮಿನ ಗುಂಡಿಗೆ ಕೈ ಹಾಕಿದೆ. ತಿರುಗಿಸುವಷ್ಟರಲ್ಲಿ ಕುರಿಮಂದೆ ಬೆಟ್ಟ ಹತ್ತಿಯಾಗಿತ್ತು. ಅದು ಯಾರ ಕುರಿ ಎಂದು ಇಡೀ ಚಪ್ಪರಕ್ಕೆ ಗೊತ್ತು. ಕಿಸಕ್ಕೆಂದ ನಗು ಒಂದು ಸುತ್ತು ಹೋಗಿ ಗಪ್ಪಾಯಿತು. ದೊಡ್ಡವ್ವನ ಕೈ ಎಲೆಯ ಮೇಲೆ ನಿಂತಿತು. ಈಗ ಎದ್ದು ಹೋಗುತ್ತಾಳೆ ಎಂದುಕೊಂಡೆ.

ಅವಳು ಮಡಿಲ ಎಲೆಯನ್ನೆಲ್ಲ ಪಕ್ಕದವಳ ಮಡಿಲಿಗೆ ಸುರಿದಳು. ಎದ್ದು ನಿಂತು, ಎಲ್ಲರಿಗೂ ಕೇಳುವಂತೆ, ತನ್ನ ಗೊರಕೆಯ ಸೊಲ್ಲನ್ನು ಒಂದಕ್ಷರ ಬಿಡದೆ ಹೇಳಿದಳು. ಹೇಳುತ್ತಲೇ ಜನರ ನಡುವೆ ದಾಟಿಕೊಂಡು ಬಂದು ಅತ್ತೆಯ ಎದುರು ಕೂತಳು. ಸಿ.ಡಿ. ಮುಗಿಯಿತು. ದೊಡ್ಡವ್ವ ಒಂದು ಸಲ ಉಸಿರು ತೆಗೆದುಕೊಂಡು, ಈ ಸಲ ತಾನೇ ಎತ್ತಿದಳು.

"ಮೂಗು ಬಂತಮ್ಮ ಮುಂದೆ, ಅಕ್ಕಯ್ಯ ಬಂದ್ಳು ಇಂದೆ, ಸೋಬಾನೆ!"

ಹೇಳಿ ಸುಮ್ಮನೆ ಕೂತು ತಲೆ ತೂಗಿದಳು, ಒಂದು ಸೊಲ್ಲಿನಷ್ಟು ಹೊತ್ತು. ಅತ್ತೆ ಹೇಳಲಿಲ್ಲ. ದೊಡ್ಡವ್ವ ಇನ್ನೂ ಒಂದು ಸೊಲ್ಲಿನಷ್ಟು ತೂಗಿದಳು. ನನಗೆ ರೆಕಾರ್ಡ್ ಮಾಡಬೇಕೆಂದು ನೆನಪೂ ಆಗಲಿಲ್ಲ. ಆಮೇಲೆ, ಇಷ್ಟೂ ಜನರ ಮುಂದೆ, ಆ ಕರಕರ ದನಿ ನಿಧಾನಕ್ಕೆ ಎದ್ದಿತು. ಏಳು ವರ್ಷದ ಹಿಂದೆ ಬಿಟ್ಟುಹೋಗಿದ್ದ ಸೊಲ್ಲನ್ನು ಅತ್ತೆ ಪೂರ್ತಿ ಹೇಳಿದಳು. ಹೇಳುವಾಗ ಒಂದು ಕೈಯಲ್ಲಿ ಕತ್ತಿನ ಹೊಲಿಗೆ ಹಿಡಿದುಕೊಂಡಿದ್ದಳು, ಇನ್ನೊಂದು ಕೈಯಲ್ಲಿ ಮೂಗು ಮುಚ್ಚಿಕೊಂಡಿದ್ದಳು.